ಸೂನ್ ಅಂಕಲ್ ಕೊಡುವ ಲೋಟ

ಸಿಂಗಪುರ ಮಿಂದು, ತೊಳೆದು, ಬಗ್ಗಡ ಮಾಡಿ ಬಿಟ್ಟ ನೀರು ನಮ್ಮ ಶುದ್ಧೀಕರಣ ಘಟಕಕ್ಕೆ ಬಂದು, ಬಿಳಿ ಕೊಳವೆಗಳೊಳಗೆ ಸುರುಳಿ ಸುತ್ತಿಟ್ಟ, ಕೊಳೆ ಸೋಸುವ ಮೆಂಬ್ರೇನ್ ಹಾಳೆಗಳನ್ನು ಒತ್ತಡದಿಂದ ದಾಟಿ, ತಿಳಿಯಾಗಿ ಹೊರಬರುತ್ತದೆ. ಅದನ್ನು ನೆಂಟರಂತೆ ಬರಮಾಡಿಕೊಳ್ಳುವವರು ನಮ್ಮ ಹಿರಿಯ ಆಪರೇಟರ್ ಸೂನ್ ಅಂಕಲ್. "ಬಂತು ನೋಡಮ್ಮ, ಬೆಡೋಕ್ ಬಡಾವಣೆ ಮಕ್ಕಳ ಸ್ನಾನ, ಯಾರದೋ ಮನೆ ಗಂಜಿ ತಪ್ಪಲೆ" ಎಂದು ನನಗೆ ಪರಿಚಯ ಬೇರೆ ಮಾಡಿಸುತ್ತಾರೆ. ಮೀಟರು ಏನೇ ಹೇಳಲಿ, ಪ್ರತಿ ಕೊಳವೆಗೂ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಾರೆ. ಆಗ ಕನಸು ಕಾಣುತ್ತಿರುವುದು ಅವರೋ ನೀರೋ ಹೇಳುವುದು ಕಷ್ಟ. "ಹನ್ನೊಂದನೇದು ಯಾಕೋ ಮುನಿಸ್ಕೊಂಡಿದೆ, ತೊಳೀಬೇಕು" ಎಂದರೆ ಮಾರನೆಯ ದಿನ ಮೀಟರೂ ಅದನ್ನೇ ಒಪ್ಪುತ್ತದೆ. ಘಟಕ ನೋಡಲು ಬಂದವರಿಗೆಲ್ಲ ಆ ತಿಳಿನೀರನ್ನೇ ಲೋಟಕ್ಕೆ ತುಂಬಿ, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಯಾರಾದರೂ ಮೂಗು ಮುರಿದರೆ, "ಎಲ್ಲಿಂದ ಬಂದೆ ಅಂತ ಮಳೇನ ಕೇಳ್ತೀರೇನಪ್ಪಾ?" ಎಂದು ನಗುತ್ತಾರೆ, ಆದರೆ ಗುಟುಕು ಗಂಟಲಲ್ಲಿ ಇಳಿಯುವ ತನಕ ಅವರ ಕಣ್ಣು ಕದಲುವುದಿಲ್ಲ. ಅದೊಂದು ಚಾಳಿ ಎಂದುಕೊಂಡಿದ್ದೆ. ಈ ಸಲ ಹಿರಿಯರ ಗೋರಿ ಗುಡಿಸುವ ಚಿಂಗ್ ಮಿಂಗ್ ಹಬ್ಬಕ್ಕೆ ಅವರ ಜೊತೆ ಹೋದೆ. ಅವರ ಅಪ್ಪ ಆ ಕಾಲದಲ್ಲಿ ಮನೆಮನೆಯ ಮಲದ ಬಕೆಟ್ಟು ಹೊತ್ತವರಂತೆ. ಹೊಸ ವರ್ಷದ ದಿನ ಆ ಅಪ್ಪ ಕೊಟ್ಟ ಚಹಾವನ್ನು ನೆರೆಯವರು ಮುಟ್ಟದೆ ಎದ್ದು ಹೋಗುತ್ತಿದ್ದರಂತೆ. ಸೂನ್ ಅಂಕಲ್ ನಮ್ಮ ಘಟಕದ ನೀರಿನಲ್ಲೇ ಕಾಸಿ ತಂದ ಚಹಾವನ್ನು ಎರಡೂ ಕೈಯಲ್ಲಿ ಹಿಡಿದು ಗೋರಿಯ ಮುಂದಿಟ್ಟು ಮೆಲ್ಲಗೆ ಹೇಳಿದರು: "ಅಪ್ಪಾ, ನಿನ್ನೆ ನಲವತ್ತೆರಡು ಜನ ಬಂದಿದ್ರು. ಎಲ್ರೂ ಕುಡಿದ್ರು."