ಅರಕಲಗೂಡಿನ ಇಪ್ಪತ್ತೇಳು ಕಾರ್ಡು

ಅರಕಲಗೂಡಿನಿಂದ ಒಂದು ಕಾರ್ಡೂ ಬಂದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಬಂದಿದ್ದವು. ಇಪ್ಪತ್ತೇಳು ಬಂದಿದ್ದವು. ಅವನ್ನು ಬಚ್ಚಲ ಒಲೆಗೆ ಹಾಕಿದವನು ನಾನು.

ಇಷ್ಟನ್ನು ಬರೆದು ಪೆನ್ನು ಕೆಳಗಿಟ್ಟು ಎದ್ದು ಹೋಗಿದ್ದೆ. ಮೆಷಿನ್ ಮುಂದೆ ಕೂತು ಒಂದು ಪ್ಯಾಂಟಿನ ಪಟ್ಟಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದು — ಮತ್ತೆ ಬಂದು ಕೂತಿದ್ದೇನೆ. ಹಾಡಿನ ವಿಷಯ, ಅದಕ್ಕೇನು ಇಷ್ಟು ಒದ್ದಾಟ ಎಂದು ನಿಮಗನ್ನಿಸಬಹುದು. ನನಗೂ ಎಷ್ಟೋ ವರ್ಷ ಹಾಗೇ ಅನ್ನಿಸಿತ್ತು. ಅಥವಾ, ಹಾಗೆ ಅನ್ನಿಸುವಂತೆ ನಾನು ನೋಡಿಕೊಂಡಿದ್ದೆ.

ಹೊಳೆನರಸೀಪುರದ ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ. ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದ ಐದಾರು ಜನ ಸೇರಿ 'ಮುಗಿಲು ಬಳಗ' ಎಂಬ ಹಾಡಿನ ತಂಡ ಕಟ್ಟಿದ್ದರು. ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾಗಳು ಆಗ ಊರಿಗೆರಡು ಇದ್ದವು. ಇವರು ಹಾಗಲ್ಲ, ತಾವೇ ಬರೆದು ತಾವೇ ರಾಗ ಹಾಕಿ ಹಾಡುತ್ತಿದ್ದರು. ಕೀಬೋರ್ಡ್ ನುಡಿಸುವ ಪ್ರಭಣ್ಣ ಅವರಿಗೆಲ್ಲ ಯಜಮಾನ. ಅವರ ಸ್ಟೇಜಿನ ಅಂಗಿಗಳನ್ನು ಹೊಲಿದುಕೊಡುತ್ತಿದ್ದವನು ನಾನು. ಅಳತೆ ತೆಗೆಯಲು ಹೋದವನು ಪ್ರಾಕ್ಟೀಸ್ ಮುಗಿಯುವವರೆಗೂ ಕೂತುಬಿಡುತ್ತಿದ್ದೆ.

ಅವರ ಮೊದಲ ಕ್ಯಾಸೆಟ್ಟಿನಲ್ಲಿ ಎಂಟು ಹಾಡಿದ್ದವು. ಜನರ ಬಾಯಲ್ಲಿ ನಿಂತದ್ದು ಎರಡು. ಒಂದು 'ಆರೂವರೆ ಬಸ್ಸು'. ದೇವರಾಜ ಹಾಡಿದ್ದು, ಕಾಲು ಸುಮ್ಮನಿರದಂಥ ಹಾಡು. ಇನ್ನೊಂದು 'ತಂತಿ ಮೇಲಿನ ಸೀರೆ'. ಅದನ್ನು ಬರೆದವಳೂ ಹಾಡಿದವಳೂ ಮಂಜುಳಾ. ಅರಕಲಗೂಡಿನ ಹುಡುಗಿ, ಹಾಸನದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಅಕ್ಕ ಮದುವೆಯಾಗಿ ಹೋದಮೇಲೂ ಅವಳು ಒಣಹಾಕಿದ ಸೀರೆಯನ್ನು ಅಮ್ಮ ತಂತಿಯಿಂದ ತೆಗೆಯುವುದಿಲ್ಲ — ಹಾಡಿನಲ್ಲಿ ಇರುವುದು ಅಷ್ಟೇ. ಆದರೆ ಮಂಜುಳಾ ಅದನ್ನು ಹಾಡುವಾಗ ಸಭೆಯಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ನಾನು ಬಸ್ಸಿನ ಪಕ್ಷ. ನನ್ನ ಗೆಳೆಯ ನಿಂಗರಾಜು ಸೀರೆಯ ಪಕ್ಷ. ನಿಂಗರಾಜು ಕರೆಂಟಿನ ಲೈನ್‌ಮ್ಯಾನ್. ಡ್ಯೂಟಿ ಅರಕಲಗೂಡಿನಲ್ಲಿ, ಮನೆ ನಮ್ಮೂರಿನಲ್ಲಿ. ಸಂಜೆ ಬಸ್ಸಿಳಿದವನೇ ನೇರ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಅಲ್ಲಿಂದ ಶುರು.

"ಬಸ್ಸು ಅತ್ತುದ್ಮೇಲೆ ಇಳೀಲೇಬೇಕು ಕಣ್ಲಾ ಶಂಕ್ರ. ನಿನ್ ಆಡೂ ಅಂಗೇಯ. ಮುಗೀತು ಅಂದ್ರೆ ಮುಗೀತು. ಆ ಸೀರೆ ಆಡು ಅಂಗಲ್ಲ, ಒಳಿಕ್ಕೋಗಿ ಕುಂತ್ಕತದೆ."

"ಅಳಿಸೋದೇ ದೊಡ್ಡ ಹಾಡೇನ್ಲಾ? ಈರುಳ್ಳಿ ಹೆಚ್ಚಿದ್ರೂ ಅಳು ಬರ್ತದೆ" ಎಂದು ನಾನು.

ಬಟ್ಟೆ ಕೊಡಲು ಬಂದವರು ಕೂಡ ಯಾವುದೋ ಒಂದು ಪಕ್ಷ ಹಿಡಿದು ನಿಲ್ಲುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಳಗೆ ನಗು ಇರುತ್ತಿರಲಿಲ್ಲ. ಯಾಕೆಂದು ಹೇಳಿಬಿಡುತ್ತೇನೆ. 'ಆರೂವರೆ ಬಸ್ಸಿ'ನಲ್ಲಿ ಎರಡನೇ ಚರಣ ಮುಗಿದ ಮೇಲೆ ಕಂಡಕ್ಟರನ ಸೀಟಿ ಕೇಳಿಸುತ್ತದೆ. ಆ ಸೀಟಿ ಹಾಕಿ ಎಂದು ಹೇಳಿದವನು ನಾನು. ಅಂಗಿಯ ಅಳತೆ ತೆಗೆಯುತ್ತಾ ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದೆ; ಪ್ರಭಣ್ಣ "ಒಳ್ಳೆ ಐಡಿಯಾ ಕಣಯ್ಯ" ಎಂದು ಹಾಕಿಯೇಬಿಟ್ಟರು. ಆಮೇಲೆ ಯಾವ ಊರಿನಲ್ಲಿ ಹಾಡಿದರೂ ಆ ಜಾಗದಲ್ಲಿ ಜನರೂ ಸೀಟಿ ಹೊಡೆಯುತ್ತಿದ್ದರು. ಅದು ನನಗೇ ಹೊಡೆದದ್ದು ಎಂದು — ಸಾವಿರ ಜನರ ಮಧ್ಯೆ ನಿಂತು, ಯಾರಿಗೂ ಗೊತ್ತಿಲ್ಲದೆ — ನಾನು ಅಂದುಕೊಳ್ಳುತ್ತಿದ್ದೆ. ಇಷ್ಟು ಸಣ್ಣದು. ಇಷ್ಟು ಸಣ್ಣದಕ್ಕಾಗಿ.

ಎರಡನೇ ಕ್ಯಾಸೆಟ್ಟಿನ ಮಾತು ಬಂತು. ಬೆಂಗಳೂರಿನ ಕಂಪನಿಯವರು ಒಂದು ಷರತ್ತು ಹಾಕಿದರು: ಹಿಂದಿನದರಲ್ಲಿ ಗೆದ್ದ ಒಂದು ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿ ಮೊದಲಿಗೆ ಹಾಕಬೇಕು, ಅದನ್ನು ಹಾಡಿದವರ ಫೋಟೋ ಮೇಲೆ ಬರಬೇಕು, ಉಳಿದ ಹಾಡುಗಳಲ್ಲೂ ಹೆಚ್ಚಿನವು ಅವರದ್ದೇ ಇರಬೇಕು. ಯಾವುದು ಗೆದ್ದ ಹಾಡು? ತಂಡದಲ್ಲೇ ಎರಡು ಮಾತಾಯಿತು. ಪ್ರಭಣ್ಣ ಜನರನ್ನೇ ಕೇಳೋಣ ಎಂದರು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು — ನಾಲ್ಕೂ ಊರಿನ ಕಾರ್ಯಕ್ರಮದಲ್ಲಿ ಮೈಕಿನಲ್ಲಿ ಹೇಳಿದರು: ಯಾವ ಹಾಡು ಇಷ್ಟವೋ ಒಂದು ಕಾರ್ಡಿನಲ್ಲಿ ಬರೆದು ಹಾಕಿ. ತಂಡದವರ ಮನೆಗೆ ಬಂದರೆ ಅನುಮಾನಕ್ಕೆ ಎಡೆ; ಆದ್ದರಿಂದ ವಿಳಾಸ ನನ್ನ ಅಂಗಡಿಯದು. "ಶಂಕರ ನಮ್ಮೋನೇ, ಆದ್ರೆ ಹೊರಗಿನೋನು" ಎಂದರು ಪ್ರಭಣ್ಣ.

ಮಂಜುಳಾಗೆ ಇದು ಬರೀ ಫೋಟೋದ ವಿಷಯವಾಗಿರಲಿಲ್ಲ. ಅವಳ ಅಣ್ಣ ಚಂದ್ರಣ್ಣ ಪ್ರತಿ ಪ್ರಾಕ್ಟೀಸಿಗೂ ಅವಳ ಜೊತೆ ಬಂದು ಮೂಲೆಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದ. ಕೆಟ್ಟವನಲ್ಲ. "ಒಂದ್ ವರ್ಷ ನೋಡ್ತೀನಿ, ಇಲ್ಲಾಂದ್ರೆ ಆಡೋದ್ ಬುಟ್ಬುಡು. ಊರೋರು ಬಾಯಿಗ್ ಬಂದಂಗೆ ಆಡ್ಕತಾವ್ರೆ. ನಿನ್ ಆಡು ಬೇಕು ಅಂತ ಅವರೇ ಅಂದ್ರೆ ಆಗ ನಾನೂ ನಮ್ ತಂಗಿ ಅಂತ ಎದೆ ತಟ್ಕಂಡು ಏಳ್ತೀನಿ" ಎಂದಿದ್ದನಂತೆ. ಇದನ್ನು ಮಂಜುಳಾಳೇ ನನಗೆ ಹೇಳಿದ್ದಳು, ಸ್ಟೇಜಿಗೆ ಉಡುವ ಸೀರೆಗೆ ಫಾಲ್ ಹಚ್ಚಿಸಲು ಕೊಟ್ಟಾಗ. ನನಗೆ ಎಲ್ಲವೂ ಗೊತ್ತಿತ್ತು. ಇದನ್ನು ನೀವು ಗಮನಿಸಬೇಕು — ಗೊತ್ತಿಲ್ಲದೆ ಮಾಡಿದ್ದಲ್ಲ.

ಕಾರ್ಡುಗಳು ಬರತೊಡಗಿದವು. ಅಂಗಡಿಯ ಖಾಲಿ ಬಿಸ್ಕತ್ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ, ದಿನಾ ಎಣಿಸುತ್ತಿದ್ದೆ. ಕೊನೆಯ ವಾರಕ್ಕೆ ಬಸ್ಸು ಹನ್ನೊಂದು ಕಾರ್ಡಿನಿಂದ ಮುಂದಿತ್ತು. ನಿಂಗರಾಜು ಅರಕಲಗೂಡಿನಲ್ಲಿ ಕಂಬ ಹತ್ತಿ ಇಳಿದಲ್ಲೆಲ್ಲ ಜನರಿಗೆ ಹೇಳಿ ಬರುತ್ತಿದ್ದ. "ತಡೀಲಾ, ನಮ್ ಅರ್ಕಲ್‌ಗೂಡು ಇನ್ನೂ ಬಾಯಿ ಬುಟ್ಟಿಲ್ಲ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟನ್ನೇ ಕೊಟ್ಟು ಹೋದ. ಇಪ್ಪತ್ತೇಳು. ಎಲ್ಲದರ ಮೇಲೂ ಅರಕಲಗೂಡಿನ ಮುದ್ರೆ. ಎರಡನ್ನು ಓದಿದೆ. ಒಂದು ಬಸ್‌ಸ್ಟ್ಯಾಂಡ್ ಹತ್ತಿರ ಹೋಟೆಲ್ ಇಟ್ಟಿದ್ದ ರಾಮಣ್ಣನದು. ಸೀರೆ ಹಾಡು ಕೇಳುತ್ತಾ ನಿಂತು ಕಾವಲಿ ಮೇಲಿನ ದೋಸೆ ಸೀದುಹೋಯಿತು, ಆದರೂ ಆ ಹಾಡಿಗೇ ನನ್ನ ಓಟು ಎಂದು ಬರೆದಿದ್ದ. ಇನ್ನೊಂದರಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಆರು ಜನ ಒಂದೇ ಕಾರ್ಡಿನಲ್ಲಿ ಇಕ್ಕಟ್ಟಾಗಿ ಸಹಿ ಹಾಕಿದ್ದರು. ಉಳಿದವುಗಳಲ್ಲಿ ಹಾಡಿನ ಹೆಸರನ್ನು ಮಾತ್ರ ನೋಡಿದೆ. ಸೀರೆ. ಸೀರೆ. ಸೀರೆ.

ಇವೆಲ್ಲ ನಿಂಗ ಹೇಳಿ ಬರೆಸಿದ್ದು, ಇದು ನ್ಯಾಯವಲ್ಲ — ಹೀಗೊಂದು ಮಾತು ನನ್ನ ತಲೆಯಲ್ಲಿ ತಾನಾಗಿ ಹುಟ್ಟಿತು. ನಾನು ಕೂಡ ಅಂಗಡಿಗೆ ಬಂದ ಎಷ್ಟೋ ಜನರಿಗೆ ಹೇಳಿ ಬರೆಸಿದ್ದೆನಲ್ಲ? ಅದು ಆಗ ನೆನಪಾಗಲಿಲ್ಲ. ಅಥವಾ ನೆನಪಾಯಿತು, ಮತ್ತು — ಕಟ್ಟನ್ನು ಚೂರುಬಟ್ಟೆಯ ಬುಟ್ಟಿಯಲ್ಲಿ ಮುಚ್ಚಿ ಮನೆಗೆ ಒಯ್ದೆ. ಬೆಳಿಗ್ಗೆ ಸ್ನಾನದ ನೀರು ಕಾಯಿಸುವಾಗ ಒಲೆಗೆ ಹಾಕಿದೆ. ಆ ನೀರಲ್ಲೇ ಸ್ನಾನ ಮಾಡಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಹಾಸನದ ಪ್ರಾಕ್ಟೀಸ್ ರೂಮಿನಲ್ಲಿ ಎಲ್ಲರೂ ಸೇರಿದರು; ನಿಂಗರಾಜುವೂ ನನ್ನ ಜೊತೆ ಬಂದಿದ್ದ. ಚಂದ್ರಣ್ಣ ಆ ದಿನ ಪೇಪರ್ ತಂದಿರಲಿಲ್ಲ. ನಾನು ಡಬ್ಬಿ ಬೋರಲು ಹಾಕಿದೆ. ಪ್ರಭಣ್ಣ ಊರೂರಿನದು ಬೇರೆ ಬೇರೆ ಮಾಡಿ ಎಣಿಸಿದರು. ತಲೆಯೆತ್ತಿ ಕೇಳಿದರು:

"ಅರಕಲಗೂಡಿಂದು ಎಲ್ಲಿ ಶಂಕರ?"

"ಒಂದೂ ಬಂದಿಲ್ಲ."

ಮೂರು ಪದ ಕೂಡ ಇಲ್ಲ. ಎರಡೇ ಪದ.

ನಿಂಗರಾಜು ಎದ್ದು ನಿಂತ. "ಒಂದೂ ಬಂದಿಲ್ವಾ? ಏನ್ಲಾ ಇಂಗಂದೀಯಾ! ಓಟ್ಲು ರಾಮಣ್ಣ ನನ್ ಕಣ್ಣೆದ್ರಿಗೇ ಪೋಸ್ಟ್ ಡಬ್ಬುಕ್ಕೆ ಆಕುದ್ನಲ್ಲೋ!"

ಎಲ್ಲರೂ ಅವನನ್ನೇ ನೋಡಿದರು. ಸೋತ ಪಕ್ಷದವನ ಮಾತು ಎಂಬಂತೆ ನೋಡಿದರು. "ಹೋಗ್ಲಿ ಬಿಡೋ" ಎಂದು ನಾನು ಅವನ ಭುಜ ಹಿಡಿದು ಕೂರಿಸಿದೆ. ನಾನೇ.

ಮಂಜುಳಾ ಸಿಟ್ಟಾಗಲಿಲ್ಲ, ನಕ್ಕಳು. ನಂಬಿಕೆಯಾಗದೆ ನಗುತ್ತಾರಲ್ಲ, ಹಾಗೆ. "ಸೋತಿದ್ದಕ್ಕಲ್ಲ ಪ್ರಭಣ್ಣ... ನಮ್ಮೂರಿಂದ ಒಂದೂ ಇಲ್ವಾ?" ಎಂದು ಕೇಳಿದಳು. ಚಂದ್ರಣ್ಣ ಮೆಲ್ಲಗೆ ಎದ್ದು, "ನಡಿಯವ್ವ, ಓಗನ" ಎಂದ. ಗೆದ್ದವನ ದನಿಯಲ್ಲಿ ಅನ್ನಲಿಲ್ಲ. ತಂಗಿಗೆ ಆದ ಅವಮಾನ ತನಗೇ ಆಯಿತು ಎಂಬಂತೆ ಅಂದ.

ಅವಳು ಮತ್ತೆ ಬರಲಿಲ್ಲ. ಪ್ರಭಣ್ಣ ಎರಡು ಸಲ ಹೇಳಿಕಳಿಸಿದರು. ಎರಡನೇ ಸಲ ಅವಳು ಸ್ಟೇಜಿನ ಸೀರೆಯನ್ನು ಮಡಿಸಿ ವಾಪಸು ಕಳಿಸಿದಳು. ಕ್ಯಾಸೆಟ್ ಬಂತು, ದೇವರಾಜನ ಫೋಟೋ ಬಂತು, ಸೀಟಿಯೂ ಇತ್ತು. ಎರಡು ವರ್ಷದಲ್ಲಿ ತಂಡವೇ ಚದುರಿಹೋಯಿತು. ನಿಂಗರಾಜು ಮಾತ್ರ ಅರಕಲಗೂಡಿನವರ ಮೇಲೆ ಬೇಜಾರು ಕಟ್ಟಿಕೊಂಡು ಉಳಿದ. "ಬಾಯಲ್ಲಿ ಊಂ ಅಂದು ಕೈ ಕೊಟ್ರು ಕಣ್ಲಾ" ಎನ್ನುತ್ತಿದ್ದ. ಕಾರ್ಡು ಹಾಕಿದಂತೆ ನಾಟಕ ಆಡಿದ ಎಂದು ರಾಮಣ್ಣನ ಹೋಟೆಲ್ಲಿಗೆ ಹೋಗುವುದನ್ನೇ ಬಿಟ್ಟ. ಅದೆಲ್ಲವನ್ನೂ ನನ್ನ ಬೆಂಚಿನ ಮೇಲೆ ಕೂತು ನನಗೇ ಹೇಳುತ್ತಿದ್ದ. ನಾನು ಕಾಫಿ ತರಿಸಿ ಸಮಾಧಾನ ಮಾಡುತ್ತಿದ್ದೆ.

ಎಂಟೊಂಬತ್ತು ವರ್ಷ ಕಳೆಯಿತು. ಚನ್ನರಾಯಪಟ್ಟಣದ ಒಂದು ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ನನಗೆ ಸಿಕ್ಕಿತು. ಅಳತೆ ತೆಗೆಯಲು ಬೆಳಿಗ್ಗೆಯೇ ಹೋದೆ, ಪ್ರಾರ್ಥನೆ ನಡೆಯುತ್ತಿತ್ತು. ಮಕ್ಕಳೂ ಟೀಚರುಗಳೂ ಹಾಡುತ್ತಿದ್ದರು. ಸಾಲಿನ ಕೊನೆಯಲ್ಲಿ ಒಬ್ಬರು ಟೀಚರ್ ಬಾಯಿ ಮುಚ್ಚಿ ನಿಂತಿದ್ದರು. ಗುರುತು ಹತ್ತಿತು. ಪಕ್ಕದಲ್ಲಿದ್ದ ಗುಮಾಸ್ತರನ್ನು ಕೇಳಿದೆ: "ಆ ಮೇಡಂ ಹಾಡಲ್ವಾ?"

"ಮಂಜುಳಾ ಮೇಡಮ್ಮಾ? ಅವ್ರಿಗೆ ಹಾಡೋಕೆ ಬರಲ್ವಂತೆ ಸಾ. ಸೇರಿದಾಗ್ಲೇ ಹೇಳಿದ್ರು."

ಅವತ್ತು ನಾನು ತೆಗೆದ ಅಳತೆಗಳೆಲ್ಲ ತಪ್ಪಾದವು. ಅವಳು ತಾನಾಗಿ ಬಂದು ಮಾತಾಡಿಸಿದಳು. "ಶಂಕರಣ್ಣ ಅಲ್ವಾ? ಹೊಳೆನರಸೀಪುರ?" ಎಂದು ಎಲ್ಲರ ಯೋಗಕ್ಷೇಮ ಕೇಳಿದಳು, ಟೀ ತರಿಸಿದಳು. ನಾನು ಟೀ ಕುಡಿದೆ. ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಇಳಿದು ವಾಪಸು ಹೋಗಲೇ ಎಂದು ಎರಡು ಸಲ ಸೀಟಿನಿಂದ ಎದ್ದೆ, ಎರಡು ಸಲವೂ ಕೂತೆ.

ಮೊದಲು ಹೇಳಿದ್ದು ನಿಂಗರಾಜನಿಗೆ. ಬೈಯುತ್ತಾನೆ, ಹೊಡೆದರೂ ಹೊಡೆಯಬಹುದು ಎಂದುಕೊಂಡಿದ್ದೆ. ಅವನು ನನ್ನ ಕತ್ತರಿಯನ್ನು ಕೈಗೆತ್ತಿಕೊಂಡು, ಮತ್ತೆ ಮೆಷಿನ್ ಮೇಲೆ ಇಟ್ಟ.

"ರಾಮಣ್ಣಂದೂ ಇತ್ತಾ ಅದ್ರಲ್ಲಿ?"

"ಇತ್ತು."

"ಓದ್ ವರ್ಸ ಸತ್ತೋದ ಕಣ್ಲಾ ಅವ್ನು. ನಾನು ಮಣ್ಣಿಗೂ ಓಗ್ನಿಲ್ಲ."

ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದ. ಆಮೇಲೆ ನನ್ನ ಅಂಗಡಿಗೆ ಬಂದಿಲ್ಲ. ಈಗಲೂ ಬಸ್ಸಿಳಿದು ಎದುರಿನ ಬದಿಯಲ್ಲೇ ನಡೆದುಹೋಗುತ್ತಾನೆ.

ಯೂನಿಫಾರ್ಮ್ ಕೊಡಲು ಹೋದ ದಿನ ಮಂಜುಳಾಗೆ ಹೇಳಿದೆ. ಖಾಲಿ ಕ್ಲಾಸ್‌ರೂಮಿನಲ್ಲಿ, ಬಟ್ಟೆಯ ಗಂಟು ಮಧ್ಯೆ ಇಟ್ಟುಕೊಂಡು. ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ಎಷ್ಟು ಬಂದಿತ್ತು?"

"ಇಪ್ಪತ್ತೇಳು."

"ಯಾರ್ಯಾರು ಬರೆದಿದ್ರು?"

ರಾಮಣ್ಣನ ದೋಸೆಯ ಮಾತು ಹೇಳಿದೆ. ಅವಳ ಮುಖ ಒಂದು ಕ್ಷಣ ಅರಳಿತು. ಹಾಸ್ಟೆಲ್ಲಿನ ಹುಡುಗಿಯರ ಸಹಿಯ ಬಗ್ಗೆ ಹೇಳಿದೆ. ಅವಳು ಕಾದಳು.

"ಮಿಕ್ಕೋರು?"

"ಓದಲಿಲ್ಲ."

"ಓದ್ಲೇ ಇಲ್ವಾ ಶಂಕರಣ್ಣ?"

ಆಗ ಅವಳ ದನಿ ಒಡೆಯಿತು. ಸೋಲಿಸಿದ್ದು, ಸುಟ್ಟದ್ದು — ಅದಕ್ಕೆಲ್ಲ ಒಡೆಯದ ದನಿ ಇದಕ್ಕೆ ಒಡೆಯಿತು. ಗಂಟೆ ಹೊಡೆಯಿತು, ಮಕ್ಕಳು ನುಗ್ಗಿದರು. ಅವಳು ಕಣ್ಣೊರೆಸಿಕೊಂಡು, ಹಾಜರಿ ಪುಸ್ತಕ ತೆಗೆದಳು. ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಈಗ ಅಂಗಡಿಗೆ ರಜೆ ಇರುವ ದಿನ ಅರಕಲಗೂಡಿಗೆ ಹೋಗುತ್ತೇನೆ. ಅಂಗಡಿ, ಮನೆ, ಗಿರಣಿ — ನಿಂತು ಕೇಳುತ್ತೇನೆ: ಮುಗಿಲು ಬಳಗ ಅಂತ ಇತ್ತಲ್ಲ, ಸೀರೆಯ ಹಾಡಿಗೆ ನೀವು ಕಾರ್ಡು ಬರೆದಿದ್ದಿರಾ? ಬಹಳ ಜನಕ್ಕೆ ನೆನಪಿಲ್ಲ. ಕೆಲವರು ನನ್ನನ್ನು ಒಂಥರಾ ನೋಡುತ್ತಾರೆ. ಇದುವರೆಗೆ ನಾಲ್ಕು ಜನ ಸಿಕ್ಕಿದ್ದಾರೆ. ಅವರ ಹೆಸರು, ಅವರು ಬರೆದದ್ದು ನೆನಪಿದ್ದರೆ ಆ ಮಾತು — ಒಂದೊಂದನ್ನೂ ಕಾರ್ಡಿನಲ್ಲಿ ಬರೆದು ಚನ್ನರಾಯಪಟ್ಟಣಕ್ಕೆ ಹಾಕುತ್ತೇನೆ. ಉತ್ತರ ಬಂದಿಲ್ಲ. ಬರಬೇಕೆಂದೂ ಇಲ್ಲ.

ಕಳೆದ ವಾರ ಸಿಕ್ಕ ಹೆಂಗಸು ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವವಳು. ಕೇಳಿದ ಕೂಡಲೇ ಕೈಯ ಹಿಟ್ಟು ಕೊಡವಿಕೊಂಡು ಹತ್ತಿರ ಬಂದಳು.

"ಊಂ ಕಣಣ್ಣ, ಬರ್ದಿದ್ದೆ! ನಮ್ಮಕ್ಕುನ್ನ ಆಗ್ತಾನೇ ಮದ್ವೆ ಮಾಡಿ ಕಳ್ಸಿದ್ರು, ಅಳ್ತಾ ಕುಂತು ಬರ್ದಿದ್ದೆ. ಆ ಉಡ್ಗಿ ಆಮೇಲೆ ಯಾಕ್ ಆಡ್ನೇ ಇಲ್ಲ?"

ನಾನು ಅವಳಿಗೂ ಮೊದಲಿನಿಂದ ಎಲ್ಲವನ್ನೂ ಹೇಳಿದೆ.