ಹತ್ತನ್ನು ಒಂದೆಂದು ಓದಿದ್ದು

ನಾನಾಗ ಇಂದಿರಾನಗರದ ಸಣ್ಣ ಕಂಪನಿಯೊಂದರಲ್ಲಿ ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಮೆಟ್ರೊ ಕಂಬಗಳಿಗಾಗಿ ರಸ್ತೆ ಅಗೆದಿದ್ದರಿಂದ ನಮ್ಮ ಕೀಬೋರ್ಡುಗಳ ಮೇಲೂ ಕೆಂಪು ಧೂಳು ಕೂರುತ್ತಿತ್ತು. ಒಂದು ಆಸ್ಪತ್ರೆಯ ಸೈಟು ನನ್ನ ಪಾಲಿಗೆ ಬಂದಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ತರಗತಿ ಅಲ್ಲಿ ನಡೆಯುತ್ತಿತ್ತು. ತಿಂಗಳಿಗೆ ಎಂಟೇ ಜನ. ಒಂದನೇ ತಾರೀಕು ಸೈಟಿನಲ್ಲಿ ಮೊದಲು ಅರ್ಜಿ ತುಂಬಿದವರಿಗೆ ಜಾಗ.

ಹಳೆಯ ಬ್ರೌಸರುಗಳಲ್ಲಿ ಆ ಅರ್ಜಿ ಅರ್ಧಂಬರ್ಧ ಕಾಣುತ್ತಿತ್ತು. ಬ್ರೌಸರ್ ಯಾವ ಪುಟ ಕೇಳಿದರೂ ತನ್ನ ಹೆಸರು, ತಾನು ಎಷ್ಟನೇ ಆವೃತ್ತಿ ಎಂಬುದನ್ನೂ ಜೊತೆಗೆ ಸರ್ವರಿಗೆ ಬರೆದು ಕಳಿಸುತ್ತದೆ. ಕೋರಿಕೆಯ ಮೇಲ್ಭಾಗದಲ್ಲಿರುವ ಈ ಸಾಲುಗಳಿಗೆ ಹೆಡರ್ ಎನ್ನುತ್ತೇವೆ. ಪರದೆಯ ಮುಂದೆ ಕೂತವರಿಗೆ ಅದು ಕಾಣುವುದಿಲ್ಲ. ಪ್ರತಿ ಬ್ರೌಸರಿಗೂ ಒಂದು ಮಿತಿಯಿಟ್ಟು, ಆವೃತ್ತಿ ಅದಕ್ಕಿಂತ ಕಡಿಮೆಯಿದ್ದರೆ ‘ನಿಮ್ಮ ಬ್ರೌಸರ್ ಹಳೆಯದು, ಹೊಸದನ್ನು ಹಾಕಿಕೊಳ್ಳಿ’ ಎಂದು ವಾಪಸ್ ಕಳಿಸುವಂತೆ ನಾನು ಕೋಡ್ ಬರೆದೆ.

ಒಂದು ದಿನ ವಿಮಾನಪುರದಿಂದ ಒಬ್ಬರು ಫೋನ್ ಮಾಡಿದರು. ಹೊಸ ಬ್ರೌಸರನ್ನೇ ಹಾಕಿದ್ದೇನೆ, ಆದರೂ ಪುಟ ಹಳೆಯದು ಎನ್ನುತ್ತಿದೆ ಎಂದರು. ವಯಸ್ಸಾದ ದನಿ. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ ಎಂದು ನಾನೇ ತೀರ್ಮಾನಿಸಿ, ಇನ್ನೊಮ್ಮೆ ಅಪ್‌ಡೇಟ್ ಮಾಡಿ ಎಂದೆ. ಮುಂದಿನ ತಿಂಗಳು ಮತ್ತೆ ಅವರದೇ ಫೋನ್. ಮತ್ತೆ ಅದನ್ನೇ ಹೇಳಿದೆ. ಎರಡು ಸಲವೂ ಅವರು ಥ್ಯಾಂಕ್ಸ್ ಹೇಳಿಯೇ ಫೋನ್ ಇಟ್ಟರು.

ಮೂರನೆಯ ತಿಂಗಳು ಫೋನ್ ಬರಲಿಲ್ಲ, ಅವರೇ ಬಂದರು. ಜೊತೆಗೆ ಹೆಂಡತಿ. ಆಕೆ ಕತ್ತಿಗೆ ತೆಳುವಾದ ಹತ್ತಿಯ ವಸ್ತ್ರ ಸುತ್ತಿಕೊಂಡಿದ್ದರು, ಕೈಯಲ್ಲಿ ಪುಟ್ಟ ನೋಟ್‌ಪ್ಯಾಡ್ ಮತ್ತು ಪೆನ್ನು. ಗಂಡ ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಬಿಡಿಭಾಗಗಳ ಮೇಲೆ ಒತ್ತಿದ ನಂಬರುಗಳನ್ನು ನಕ್ಷೆಯೊಂದಿಗೆ ತಾಳೆ ನೋಡುವುದೇ ಅವರ ಕೆಲಸವಾಗಿತ್ತಂತೆ. ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟರು. ಬ್ರೌಸರಿನ ಹೆಸರು, ಆವೃತ್ತಿ, ಹಾಕಿದ ದಿನ, ಎಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಆವೃತ್ತಿ ಹತ್ತು.

“ಮೇಡಂ, ನಾನು ಓದಿರೋದ್ರಲ್ಲಿ ತಪ್ಪಿದ್ರೆ ಹೇಳ್ಬಿಡಿ,” ಎಂದರು.

ಬಂದ ಕೋರಿಕೆಗಳೆಲ್ಲ ದಾಖಲಾಗುವ ಸರ್ವರಿನ ಲಾಗ್ ತೆರೆದೆ. ಅವರು ಪ್ರಯತ್ನಿಸಿದ ಬೆಳಗಿನ ಸಾಲು ಸಿಕ್ಕಿತು. ಬ್ರೌಸರ್ ಸರಿಯಾಗಿಯೇ ಹತ್ತು ಎಂದು ಹೇಳಿಕೊಂಡಿತ್ತು. ಆಮೇಲೆ ನನ್ನ ಕೋಡ್ ನೋಡಿದೆ. ನಾನದನ್ನು ಬರೆಯುವಾಗ ಎಲ್ಲ ಬ್ರೌಸರುಗಳ ಆವೃತ್ತಿಯೂ ಒಂದಂಕಿಯದೇ ಆಗಿದ್ದರಿಂದ ಮೊದಲ ಅಂಕಿಯನ್ನಷ್ಟೇ ಓದಿಸಿ ಬಿಟ್ಟಿದ್ದೆ. ಹತ್ತು ಅದಕ್ಕೆ ಒಂದಾಗಿ ಕಂಡಿತ್ತು.

ಕಿವಿ ಬಿಸಿಯಾಯಿತು. ಆಫೀಸಿನಲ್ಲಿ ಬೆಂಗಳೂರಿನವರ ಹಾಗೆ ಮಾತಾಡಲು ಕಲಿತಿದ್ದ ನನ್ನ ಬಾಯಲ್ಲಿ ಊರಿನ ಮಾತೇ ಬಂತು. “ತಪ್ಪು ನಂದ ಐತ್ರಿ. ನೀವು ಸರಿ ಓದೀರಿ.”

ಅವರು ಬೈಯಲಿಲ್ಲ. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. “ಸದ್ಯ. ನಾನೇ ಎಲ್ಲೋ ಎಡವ್ತಾ ಇದೀನಿ ಅಂತ ಇವಳಿಗೆ ಮುಖ ತೋರ್ಸೋಕೇ ಆಗ್ತಿರ್ಲಿಲ್ಲಮ್ಮ,” ಎಂದರು. ಒಂದನೇ ತಾರೀಕು ಬೆಳಿಗ್ಗೆಯಿಂದಲೇ ಹೆಂಡತಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದುದನ್ನೂ ಹೇಳಿದರು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದು, ಏನೋ ಬರೆದು ನನ್ನ ಕಡೆ ತಿರುಗಿಸಿದರು. ‘ನನಗೇನೂ ಅವಸರ ಇಲ್ಲ.’ ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು.

ಅವರ ಎದುರಿಗೇ ಆಸ್ಪತ್ರೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ತರಗತಿ ನಡೆಸುವ ಡಾಕ್ಟರು, ಇನ್ನೊಂದು ಕುರ್ಚಿ ಹಾಕಿಸುತ್ತೇನೆ, ಸೋಮವಾರ ಕಳಿಸಿ ಎಂದರು. ಅಂದೇ ಆ ತಡೆಯನ್ನು ಪೂರ್ತಿ ತೆಗೆದುಹಾಕಿ, ಯಾವ ಬ್ರೌಸರಿನಲ್ಲಾದರೂ ತೆರೆಯುವ ಸಾದಾ ಅರ್ಜಿ ಮಾಡಿದೆ. ಸಂಜೆ ಲಾಗನ್ನು ಮತ್ತೆ ನೋಡುವಾಗ ಹತ್ತೆಂದು ಹೇಳಿಕೊಂಡೂ ವಾಪಸ್ ಹೋದ ಬೇರೆ ಸಾಲುಗಳೂ ಸಿಕ್ಕವು. ಆ ಬ್ರೌಸರುಗಳ ಮುಂದೆ ಕೂತಿದ್ದವರು ಯಾರೆಂದು ಆ ಸಾಲುಗಳಲ್ಲಿ ಇರಲಿಲ್ಲ. ಅವರನ್ನು ಹುಡುಕುವ ದಾರಿ ನನಗೆ ತಿಳಿಯಲಿಲ್ಲ. ಆ ಬೇಸರ ಬಹಳ ದಿನ ಉಳಿಯಿತು.

ಕೆಲವು ತಿಂಗಳಾದ ಮೇಲೆ ಆಫೀಸಿಗೆ ಒಂದು ಫೋನ್ ಬಂತು. ಆ ಕಡೆಯಿಂದ ಒಡಕಾದ, ಗಾಳಿ ತುಂಬಿದ ದನಿ. ಅರ್ಥವಾಗದೆ, ಏನಂದ್ರಿ ಎಂದು ಕೇಳಿದೆ. ಆಕೆ ಉಸಿರು ತೆಗೆದುಕೊಂಡು ಮತ್ತೆ ಹೇಳಿದರು, ಒಂದೊಂದೇ ಅಕ್ಷರವಾಗಿ.

“ಊಟ ಆಯ್ತಾ?”

ಆಗಿರಲಿಲ್ಲ. ಆಯ್ತು ಎಂದೆ.