ಬಲಗಡೆಯ ಹೂವಿಗೆ ಹಚ್ಚಿದ ಗಂಧ

ತೇಜು, ಆ ದಿನ ಬಲಗಡೆಯ ಹೂ ಬೀಳದ ಹಾಗೆ ಅಂಟಿಸಿದವನು ನಾನು. ಬೇಡ ಅಂದದ್ದು ದೇವರಲ್ಲ. ನಿನ್ನ ಮಾವ.

ಇಷ್ಟು ಬರೆಯುವುದಕ್ಕೇ ಬೆಳಗಿನಿಂದ ಕೂತಿದ್ದೇನೆ. ಎರಡು ಬೆರಳಲ್ಲಿ ಟೈಪ್ ಮಾಡುವವನು. ಒತ್ತಕ್ಷರ ಹುಡುಕುವಷ್ಟರಲ್ಲಿ ಮಾತು ಜಾರಿಹೋಗುತ್ತದೆ. ನಿನ್ನ ಅತ್ತೆ ಶೈಲಾ ಕಾಫಿ ಇಟ್ಟು, "ಏನ್ರೀ ಇದು, ಕಥೆ ಗಿಥೆ ಬರೀತಿದೀರಾ?" ಅಂತ ನಕ್ಕು ಆಸ್ಪತ್ರೆಯ ಡ್ಯೂಟಿಗೆ ಹೋದಳು. ಅವಳಿಗೂ ನಾನು ಹೇಳಿಲ್ಲ.

ಮೊನ್ನೆ ನೀನು ಫೋನ್ ಮಾಡದೆ ಇದ್ದಿದ್ದರೆ ಬಹುಶಃ ಯಾವತ್ತೂ ಹೇಳುತ್ತಿರಲಿಲ್ಲ. ಇಲ್ಲಿ ಸಿಡ್ನಿಯ ಒಂದು ರಗ್ಬಿ ಕ್ಲಬ್ಬು ನಿನ್ನನ್ನು ಟ್ರಯಲ್‌ಗೆ ಕರೆದಿದೆ, ಹೋಗಬೇಕಾದರೆ ಮೆಲ್ಬರ್ನ್‌ನ ಕೆಲಸ ಬಿಡಬೇಕು, ಏನು ಮಾಡಲಿ ಅಂದೆ. ನಾನು ಏನೋ ಹೇಳಲು ಬಾಯಿ ತೆರೆದೆ. ನೀನು ಬಿಡಲಿಲ್ಲ.

"ನೋ ನೋ ಮಾವ, ನೀವು ಹೇಳ್ಬೇಡಿ. ಜಸ್ಟ್ ಆಸ್ಕ್ ಚೌಡಮ್ಮ. ಲಾಸ್ಟ್ ಟೈಮ್ ಥರ. ಫ್ಲವರ್ ಇಡಿ."

ಆಗಲಿ ಅಂದೆ. ಅಂದು ಫೋನ್ ಇಟ್ಟೆ. ಲಾಸ್ಟ್ ಟೈಮ್ ಥರ — ಆ ಮಾತು ನಿನಗೆ ಎಷ್ಟು ಹಗುರ.

ಚೌಡಮ್ಮ ನಿನ್ನ ಅಜ್ಜಿಯ ದೇವರು. ಅಂಗೈ ಎತ್ತರದ ಹಿತ್ತಾಳೆ ವಿಗ್ರಹ. ಕಡೂರಿನಲ್ಲಿದ್ದಾಗ ನಿನ್ನ ಅಜ್ಜಿ ಎಲ್ಲದಕ್ಕೂ ಅವಳನ್ನೇ ಕೇಳುತ್ತಿದ್ದಳು — ಮದುವೆಗೆ, ಎಮ್ಮೆ ಕೊಳ್ಳುವುದಕ್ಕೆ, ಒಮ್ಮೆ ನನ್ನ ಹಲ್ಲು ಕೀಳಿಸುವುದಕ್ಕೂ. ಒದ್ದೆ ಹೂವನ್ನು ಎರಡು ಭುಜಕ್ಕೂ ಅಂಟಿಸಿ, ಕೇಳಬೇಕಾದ್ದನ್ನು ಕೇಳಿ, ಕಾಯುವುದು. ಬಲಗಡೆ ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ಅಜ್ಜಿ ಹೋದ ಮೇಲೆ ದೇವರು ನನ್ನ ಪಾಲಿಗೆ ಬಂದಳು. ಅಕ್ಕ ಮೆಲ್ಬರ್ನ್‌ನ ವೆರಿಬೀಯಲ್ಲಿ, ದೇವರು ಸಿಡ್ನಿಯ ನಮ್ಮ ಕೆಲ್ಲಿವಿಲ್‌ನಲ್ಲಿ. ಹಾಗಾಗಿ ಪ್ರಸಾದ ಕೇಳುವುದೆಲ್ಲ ವಿಡಿಯೋ ಕಾಲ್‌ನಲ್ಲಿ. ನಿನ್ನ ಅಮ್ಮ ವೆರಿಬೀಯ ಮನೆ ಕೊಂಡದ್ದೂ ಹಾಗೆಯೇ ಕೇಳಿ.

ಲಾಸ್ಟ್ ಟೈಮ್ ಹೂ ಇಟ್ಟ ಆ ಜನವರಿ ನೀನು ಅಮೆರಿಕದಿಂದ ರಜಕ್ಕೆ ಬಂದಿದ್ದೆ. ಮೂರು ವರ್ಷದ ಓದು ಮುಗಿದಿತ್ತು, ಡಿಗ್ರಿಗೆ ಇನ್ನೊಂದು ವರ್ಷ ಬಾಕಿ. ಶಾಲೆಯಲ್ಲಿ ರಗ್ಬಿ ಆಡುತ್ತಿದ್ದ ನಮ್ಮ ಹುಡುಗನನ್ನು ಅಲ್ಲಿನ ಕಾಲೇಜು ಅವರ ಫುಟ್‌ಬಾಲ್ ಆಡಲು ಕರೆದುಕೊಂಡಿತ್ತು — ಕಾಲಲ್ಲಿ ಒದೆಯದ ಫುಟ್‌ಬಾಲ್. ನಿನ್ನ ಜಾಗದ ಹೆಸರು ರನ್ನಿಂಗ್ ಬ್ಯಾಕ್. ಚೆಂಡನ್ನು ಎದೆಗೆ ಒತ್ತಿಕೊಂಡು ಎದುರಾಳಿಗಳ ಗುಂಪಿಗೇ ನುಗ್ಗುವವನು.

ನಿನ್ನ ಆಟ ನಮಗೆ ಭಾನುವಾರ ಬೆಳಿಗ್ಗೆ ಬರುತ್ತಿತ್ತು. ನಾನು ಇಡ್ಲಿ ತಟ್ಟೆ ತೊಡೆ ಮೇಲಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆ. ನನಗೆ ಅರ್ಥವಾಗದ್ದು ಒಂದೇ. ಪಕ್ಕದಲ್ಲಿ ಅಷ್ಟು ಖಾಲಿ ಜಾಗ ಇರುವಾಗ ನೀನು ಯಾಕೆ ಜನ ಇರುವ ಕಡೆಗೇ ಓಡುತ್ತೀಯ? ಒಮ್ಮೆ ಕೇಳಿಯೇ ಬಿಟ್ಟೆ. ನೀನು ಹೇಳಿದ ಉತ್ತರ ಈಗಲೂ ನೆನಪಿದೆ. "ಗ್ಯಾಪ್ ಕಾಣ್ಸೋವರ್ಗೂ ಕಾದ್ರೆ ಲೇಟ್ ಮಾವ. ಓಪನ್ ಆಗತ್ತೆ ಅಂತ ನಂಬಿ ಓಡ್ಬೇಕು." ಎಂಥಾ ಮಾತು ಅಂದುಕೊಂಡೆ. ನಮ್ಮ ಟೈರ್ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ. ನನಗೂ ಆಗಿತ್ತೋ ಇಲ್ಲವೋ.

ಆ ವಾರ ನೀನು ತೀರ್ಮಾನ ಹೇಳಬೇಕಿತ್ತು. ಈಗಲೇ ಕಾಲೇಜು ಬಿಟ್ಟು ಪ್ರೊಫೆಷನಲ್ ತಂಡಗಳ ಆಯ್ಕೆಗೆ ಹೆಸರು ಕೊಡುವುದೋ, ಇನ್ನೊಂದು ವರ್ಷ ಅಲ್ಲೇ ಆಡಿ ಡಿಗ್ರಿ ಮುಗಿಸುವುದೋ. ಹೆಸರು ಕೊಟ್ಟು ಹೊರಗೆ ಬಂದರೆ ಮತ್ತೆ ಕಾಲೇಜಿಗೆ ಆಡುವ ಹಾಗಿಲ್ಲ. ಕೋಚ್ ಹೋಗು ಅಂದಿದ್ದ. ಕಾಲೇಜಿನ ಮೇಡಂ ಇರು ಅಂದಿದ್ದಳು. ನೀನು ಊಟದ ಟೇಬಲ್ ಬಿಟ್ಟು ಎದ್ದು ಹೋಗುತ್ತೀಯ, ಕಾರಲ್ಲಿ ಒಬ್ಬನೇ ಕೂತಿರುತ್ತೀಯ ಅಂತ ಅಕ್ಕ ಫೋನಿನಲ್ಲಿ ಅತ್ತಳು.

ನಿನ್ನ ಅಪ್ಪ ಏನು ಹೇಳುತ್ತಾರೋ ಅಂತ ನನಗೆ ಕುತೂಹಲವಿತ್ತು. ಭಾವ ಇಂಜಿನಿಯರು. ಮೊದಲು ಡಿಗ್ರಿ ಮುಗಿಸು ಅನ್ನುತ್ತಾರೆ ಅಂತಲೇ ಅಂದುಕೊಂಡಿದ್ದೆ. ಅವರು ಹೋಗಲಿ ಅಂದರು.

"ಡಿಗ್ರಿ ಎಲ್ಲಿಗೆ ಹೋಗತ್ತೆ ಮಂಜುನಾಥ, ಮೂವತ್ತಕ್ಕೂ ತಗೋಬಹುದು. ನೀನೇ ಮೂವತ್ತಕ್ಕೆ ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಲಿಲ್ವಾ?"

"ಒಂದ್ ವರ್ಷ ತಾನೇ ಭಾವ, ಅನುಭವ ಜಾಸ್ತಿ ಆಗತ್ತೆ."

"ಅನುಭವ ಏನಯ್ಯಾ! ದಿನಾ ಗುದ್ದಿಸಿಕೊಳ್ಳೋ ಕೆಲಸ ಅದು. ಓಡಿದಷ್ಟೂ ಸವೆಯತ್ತೆ. ಟೈರ್ ಮಾರೋನಿಗೆ ನಾನು ಹೇಳ್ಕೊಡ್ಬೇಕಾ?"

ಅವರು ನಗುತ್ತಲೇ ಹೇಳಿದ್ದು. ನಾನೂ ನಕ್ಕೆ. ಆದರೆ —

ಆ ಆದರೆಯನ್ನು ಇಷ್ಟು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ನಿನ್ನ ಒಳ್ಳೆಯದಕ್ಕೇ ಮಾಡಿದೆ ಅಂತ ಮೊದಲು ನಂಬಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಹೋಟೆಲಲ್ಲಿ ಲೋಟ ತೊಳೆದವನು. ಮೀಸೆ ಬಂದ ಮೇಲೆ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದವನು. ಕೈಗೆ ಬಂದ ಡಿಗ್ರಿಯನ್ನು ನೀನು ಬಿಟ್ಟು ಹೋಗುವುದು ನನ್ನಿಂದ ನೋಡಲು ಆಗುತ್ತಿರಲಿಲ್ಲ. ಇದು ನಿಜ. ಇದರ ಕೆಳಗೆ ಇನ್ನೊಂದು ನಿಜ ಇದೆ. ಭಾವ ಹೋಗಲಿ ಅಂದಿದ್ದಕ್ಕೇ ನಾನು ಬೇಡ ಅಂದೆ. ಡಿಗ್ರಿ ಇರುವವರಿಗೆ ಅದು ಎಷ್ಟು ಸಲೀಸು ನೋಡು ಅಂತ ಹೊಟ್ಟೆ ಉರಿಯಿತು. ಅವರು "ಇರು" ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆನಾ? ಗೊತ್ತಿಲ್ಲ. ಸುಮ್ಮನಿರುತ್ತಿದ್ದೆ ಅನ್ನಿಸುತ್ತದೆ.

ಕೊನೆಗೆ ನೀನೇ ಸಾಕಾಗಿ ಹೇಳಿದೆ — ಅಜ್ಜಿಯ ದೇವರನ್ನು ಕೇಳಿಬಿಡಿ, ಅವಳು ಏನಂದರೆ ಅದು. ಹೋಗಲಾ ಅಂತ ಕೇಳಬೇಕು. ಬಲಗಡೆ ಬಿದ್ದರೆ ಹೋಗುವುದು, ಎಡಗಡೆ ಬಿದ್ದರೆ ಇರುವುದು.

ನಾನು ಸ್ನಾನ ಮಾಡಿ ದೀಪ ಹಚ್ಚಿದೆ. ಸೂಪರ್‌ಮಾರ್ಕೆಟ್‌ನಿಂದ ತಂದ ಬಿಳಿ ಸೇವಂತಿಗೆ. ಫೋನ್ ಇನ್ನೂ ಮಾಡಿರಲಿಲ್ಲ. ಎಡಭುಜಕ್ಕೆ ಹೂವನ್ನು ಬರೀ ನೀರಲ್ಲಿ ಅದ್ದಿ ಇಟ್ಟೆ. ಬಲಗಡೆಯದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ತೇಯ್ದಿಟ್ಟ ಗಂಧವನ್ನು ಬೆರಳಲ್ಲಿ ದಪ್ಪಗೆ ತೆಗೆದು ಹೂವಿನ ತೊಟ್ಟಿಗೆ ಮೆತ್ತಿ, ಒತ್ತಿ ಹಿಡಿದೆ. ಒಣಗುವವರೆಗೂ ಹಿಡಿದಿದ್ದೆ, ತೇಜು. ಯಾವುದೋ ಗಳಿಗೆಯಲ್ಲಿ ಆದ ತಪ್ಪಲ್ಲ ಅದು. ಮಧ್ಯದಲ್ಲಿ ಕೈ ತೆಗೆಯಬಹುದಿತ್ತು.

ಅಷ್ಟೆಲ್ಲ ಆದ ಮೇಲೆ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಕಾಲ್ ಮಾಡಿದೆ. ನೀವು ಮೂವರೂ ಸೋಫಾದ ಮೇಲೆ ಒತ್ತಿಕೊಂಡು ಕೂತಿದ್ದಿರಿ. ಅಕ್ಕ ಸೆರಗು ಹೊದ್ದುಕೊಂಡಿದ್ದಳು. ಭಾವ ಕೂಡ ಚಪ್ಪಲಿ ಬಿಟ್ಟಿದ್ದರು.

"ಜೋರಾಗಿ ಕೇಳೋ ಮಂಜಾ, ಬಾಯೊಳ್ಗೇ ಮಣಮಣ ಅನ್ಬೇಡ," ಅಂದಳು ಅಕ್ಕ.

ಜೋರಾಗಿ ಕೇಳಿದೆ. ತಾಯಿ, ಹುಡುಗ ಈಗಲೇ ಹೋಗಬಹುದಾ ಅಂತ. ಚೌಡಮ್ಮನ ಮುಖ ನೋಡಿಯೇ ಕೇಳಿದೆ. ಹೇಗೆ ಸಾಧ್ಯವಾಯಿತು ಅಂತ ಈಗಲೂ ಆಶ್ಚರ್ಯ.

ಎಡಗಡೆಯ ಹೂ ಬಿತ್ತು.

ಆಮೇಲೆ ನೀನು ಉಸಿರು ಬಿಟ್ಟೆ — ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರು. "ಓಕೆ. ಡನ್." ಎದ್ದು ಹೋಗಿ ಫ್ರಿಜ್ ತೆಗೆದು ಹಾಲು ಕುಡಿದೆ. ನಿನಗೆ ನೆಮ್ಮದಿಯಾದದ್ದು ನೋಡಿ ನನಗೂ ನೆಮ್ಮದಿಯಾಯಿತು. ಭಾವ ಕೈ ಮುಗಿದು ಒಳಗೆ ಹೋದರು. ವಾದ ಮಾಡಲಿಲ್ಲ. ಅವರನ್ನು ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಸುಳ್ಳು ಹೇಳಲ್ಲ.

ಮುಂದಿನದು ನಿನಗೆ ಗೊತ್ತು. ನಿನ್ನ ಕಾಲು ಮುರಿಯಲಿಲ್ಲ, ದೊಡ್ಡ ಅನಾಹುತ ಏನೂ ಆಗಲಿಲ್ಲ. ತೊಡೆಯ ಸೆಳೆತ ಬಂತು, ಹೋಯಿತು, ಮತ್ತೆ ಬಂತು. ಶಾಲೆ ಮುಗಿಸಿ ಆಗಷ್ಟೇ ಬಂದ ಹುಡುಗನೊಬ್ಬ ನಿನ್ನ ಜಾಗದಲ್ಲಿ ಓಡತೊಡಗಿದ. ಭಾನುವಾರ ಬೆಳಿಗ್ಗೆ ನಾನು ಮೈದಾನದ ಅಂಚಿನಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತ ನಿನ್ನನ್ನು ಹುಡುಕುತ್ತಿದ್ದೆ. ಅನುಭವ ಜಾಸ್ತಿಯಾದರೆ ಬೆಲೆ ಜಾಸ್ತಿ ಅಂತ ನಂಬಿದ್ದವನಿಗೆ ಆಗ ತಿಳಿಯಿತು, ಆ ಜಾಗದಲ್ಲಿ ವರ್ಷ ಕೂಡುವುದಿಲ್ಲ, ಕಳೆಯುತ್ತದೆ. ಆಯ್ಕೆಯ ದಿನ ಯಾವ ತಂಡವೂ ನಿನ್ನ ಹೆಸರು ಕರೆಯಲಿಲ್ಲ. ಡಿಗ್ರಿ ಬಂತು. ಅಕ್ಕ ಫೋಟೋ ಕಳಿಸಿದಳು. ಅದರಲ್ಲಿ ನೀನು ನಗುತ್ತಿದ್ದೀಯ. ಆ ನಗು ನಿಜವೋ ಅಂತ ನಾನು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ.

ಹೋಗಿದ್ದರೆ ಗೆಲ್ಲುತ್ತಿದ್ದೆಯಾ? ಅದೂ ಗೊತ್ತಿಲ್ಲ. ಮೊದಲ ತಿಂಗಳಲ್ಲೇ ವಾಪಸ್ ಕಳಿಸುತ್ತಿದ್ದರೇನೋ. ಈ ಮಾತನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಹೇಳಿಕೊಂಡಾಗಲೆಲ್ಲ ಇನ್ನಷ್ಟು ಸಣ್ಣವನಾದೆ.

ಕಳೆದ ಯುಗಾದಿಗೆ ನಾನು ಮೆಲ್ಬರ್ನ್‌ಗೆ ಬಂದಿದ್ದಾಗ ಟಾರ್ನೀಟ್‌ನಲ್ಲಿ ಯಾರದೋ ಮನೆಯ ಊಟ. ಅಲ್ಲಿ ಒಬ್ಬ ಅಂಕಲ್ ನಿನ್ನನ್ನು ಕೆಣಕಿದರು — "ಏನಪ್ಪಾ, ಅಮೆರಿಕದಲ್ಲಿ ಓಡ್ತಿದ್ದೋನು ಈಗ ಆಫೀಸಿಗೆ ಓಡ್ತಿದ್ದೀಯಾ?" ನಾನು ತಲೆ ತಗ್ಗಿಸಿದೆ. ನೀನು ಒಬ್ಬಟ್ಟು ಮುರಿಯುತ್ತಾ, "ಚೌಡಮ್ಮ ಸೆಡ್ ನೋ, ಅಂಕಲ್. ಸೋ ಇಟ್ಸ್ ಫೈನ್," ಅಂದೆ. ನೀನು ತಮಾಷೆಗೆ ಹೇಳಿರಲಿಲ್ಲ. ಅಷ್ಟು ದಿನ ನಿನ್ನನ್ನು ಕುಸಿಯದ ಹಾಗೆ ಹಿಡಿದು ನಿಲ್ಲಿಸಿರುವುದು ಆ ಒಂದು ಮಾತು ಅಂತ ನನಗೆ ಆವತ್ತು ಗೊತ್ತಾಯಿತು. ನಾನು ಈಗ ಸತ್ಯ ಹೇಳಿದರೆ ಅದನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ — ಮತ್ತೆ ಹೂ ಇಡಬೇಕು. ಈ ಸಲ ಗಂಧ ಹಚ್ಚದೆ ಪ್ರಾಮಾಣಿಕವಾಗಿ ಇಟ್ಟರಾಯಿತು ಅಂತ ಒಂದು ದಿನ ಯೋಚಿಸಿದೆ. ಆದರೆ ನೀನು ಅವಳ ಮಾತು ಕೇಳುವುದು, ಹಿಂದೆ ಒಮ್ಮೆ ಅವಳು ಹೇಳಿದ್ದಾಳೆ ಅನ್ನುವ ನಂಬಿಕೆಯ ಮೇಲೆ. ಅವಳು ಹೇಳಿರಲಿಲ್ಲ.

ಇಲ್ಲಿಯವರೆಗೆ ಟೈಪ್ ಮಾಡಿದ ಮೇಲೆ ಒಂದು ವಿಷಯ ಹೊಳೆದು ಕೈ ನಿಂತುಬಿಟ್ಟಿತು. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನೀನು ಓದಲಾರದ ಭಾಷೆಯಲ್ಲಿ ಕೂತು ಬೆಳಗಿನಿಂದ ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಬೇಕೆಂದೇ ಮಾಡಿದೆನಾ? ಇಲ್ಲ ಅನ್ನಬೇಕು ಅನ್ನಿಸುತ್ತದೆ. ಆದರೆ ನನ್ನ ಕೈಯನ್ನು ನಾನು ಈಗ ನಂಬುವುದಿಲ್ಲ.

ಹಾಗಾಗಿ ಶನಿವಾರ ಮೆಲ್ಬರ್ನ್‌ಗೆ ಬರುತ್ತೇನೆ. ಟಿಕೆಟ್ ಬುಕ್ ಮಾಡಿದ್ದೇನೆ. ಅಕ್ಕ, ಭಾವ ಇಬ್ಬರೂ ಎದುರಿಗೆ ಇರಬೇಕು. ಇದನ್ನು ಮೊದಲ ಸಾಲಿನಿಂದ ನಾನೇ ಓದುತ್ತೇನೆ. ಗೊತ್ತಾಗದ ಮಾತು ಬಂದರೆ ನಿಲ್ಲಿಸು. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳುತ್ತೇನೆ, ಮೆತ್ತಗೆ ಮಾಡಿ ಹೇಳುವುದಿಲ್ಲ. ಭಾವ ಎದ್ದು ಹೋದರೂ ನಿಲ್ಲಿಸುವುದಿಲ್ಲ. ಟ್ರಯಲ್‌ಗೆ ಹೋಗುವುದು ಬಿಡುವುದು ನಿನ್ನದು, ಅದರ ಬಗ್ಗೆ ಒಂದು ಮಾತೂ ನನ್ನ ಬಾಯಿಂದ ಬರಲ್ಲ.

ನೀನು ಏನು ಕೇಳಿದರೂ ಉತ್ತರ ಕೊಡುತ್ತೇನೆ. ಒಂದನ್ನು ಮಾತ್ರ ಕೇಳಬೇಡ — ಮುಟ್ಟದೆ ಬಿಟ್ಟಿದ್ದರೆ ಆ ದಿನ ಯಾವ ಹೂ ಬೀಳುತ್ತಿತ್ತು ಅಂತ. ಕೇಳಿಯೇ ಕೇಳುತ್ತೀಯ, ನಾನಾಗಿದ್ದರೂ ಕೇಳುತ್ತಿದ್ದೆ. ನನಗೆ ಗೊತ್ತಿಲ್ಲ, ತೇಜು. ಇನ್ನು ಯಾರಿಗೂ ಗೊತ್ತಾಗದ ಹಾಗೆ ಮಾಡಿದವನು ನಾನೇ.